ಯಾವ ಆಟ ಕಷ್ಟ ಎಂಬ ತಪ್ಪು ಪ್ರಶ್ನೆ

ಯಾವ ಆಟ ಹೆಚ್ಚು ಕಷ್ಟ? ಈ ವಾದಕ್ಕೆ ಊರು, ಭಾಷೆಗಳ ಭೇದವಿಲ್ಲ. ನಾನಿರುವ ಸೂರತ್ತಿನ ಉಧ್ನಾದಲ್ಲಿ ಅದು ಹಿಂದಿ, ಗುಜರಾತಿ, ಒಡಿಯಾ, ಮರಾಠಿ, ತೆಲುಗಿನಲ್ಲಿ ನಡೆಯುತ್ತದೆ. ನಮ್ಮ ಕಡೆ ಕನ್ನಡದಲ್ಲೋ ತುಳುವಿನಲ್ಲೋ ನಡೆಯುತ್ತದೆ. ಕಬಡ್ಡಿ ಆಡಿದವನು ಕ್ರಿಕೆಟಿಗನನ್ನು ಕಂಡು, ದಿನವಿಡೀ ನಿಂತು ನಡುವೆ ಊಟ ಮಾಡಿ ಬರುವುದೂ ಒಂದು ಆಟವೇ ಎಂದು ಹಂಗಿಸುತ್ತಾನೆ. ಮೇ ತಿಂಗಳ ಬಿಸಿಲಲ್ಲಿ ತೊಂಬತ್ತು ಓವರ್ ನಿಂತು ನೋಡು ಎಂದು ಕ್ರಿಕೆಟಿಗ ತಿರುಗಿ ಹೇಳುತ್ತಾನೆ. ಟೇಬಲ್ ಟೆನಿಸ್ ಹೆಸರು ಬಂದರೆ ಇಬ್ಬರೂ ಜೊತೆ ಸೇರಿ ನಗುತ್ತಾರೆ.

ಇದು ಬರೀ ಹೊತ್ತು ಕಳೆಯುವ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಗಳನ್ನು ಯಾವ ಆಟಕ್ಕೆ ಕಳಿಸಬೇಕು ಎಂದು ಮನೆಯವರು ತೀರ್ಮಾನಿಸುವಾಗ, ಯಾವ ಆಟಕ್ಕೆ ಮೇಷ್ಟರನ್ನು ಇಟ್ಟುಕೊಳ್ಳಬೇಕು ಎಂದು ಶಾಲೆ ಯೋಚಿಸುವಾಗ, ಯಾರಿಗೆ ಎಷ್ಟು ಬಹುಮಾನ ಎಂದು ಸರ್ಕಾರ ಘೋಷಿಸುವಾಗ ಇದೇ ವಾದ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅದು ಹಗುರ ಆಟ, ಇದು ಗಂಡಸರ ಆಟ, ಅದು ಬರೀ ಮಕ್ಕಳಾಟ ಎಂಬ ಮೂರು ಮಾತಿನಲ್ಲಿ ಎಷ್ಟೋ ಮಕ್ಕಳ ದಾರಿ ತಿರುಗಿಬಿಡುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಆಟಗಳನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಅವುಗಳನ್ನು ಹೋಲಿಸಿ ನೋಡುವುದು ಬೇಕೇ ಬೇಕು. ಪ್ರತಿಯೊಂದು ಆಟವೂ ಮೈಯಿಂದ ಬೇರೆ ಬೇರೆ ಬಗೆಯ ಸಾಲ ಎತ್ತುತ್ತದೆ. ಯಾವ ಆಟ ಯಾವ ಸಾಲ ಎತ್ತುತ್ತದೆ, ಅದನ್ನು ತೀರಿಸಲು ಆಟಗಾರನಿಗೆ ಏನೇನು ಸಿಗುತ್ತದೆ ಎಂದು ಕೇಳಿದರೆ ಮಾತ್ರ ಹೋಲಿಕೆಯಿಂದ ಉಪಯೋಗ.

ಸಾಲಾಗಿ ನಿಲ್ಲಿಸುವ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡಿದವರೂ ಇದ್ದಾರೆ. 2004ರಲ್ಲಿ ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್ ತಜ್ಞರ ತಂಡವೊಂದನ್ನು ಕೂರಿಸಿ 60 ಆಟಗಳಿಗೆ ಅಂಕ ಹಾಕಿಸಿತು. ತಾಳಿಕೆ, ಬಲ, ಸಿಡಿಯುವ ಶಕ್ತಿ, ವೇಗ, ಚುರುಕು, ಮೈಬಳುಕು, ಎದೆಗಾರಿಕೆ, ಪೆಟ್ಟು ತಡೆಯುವ ಗಟ್ಟಿತನ, ಕಣ್ಣು ಕೈಗಳ ಹೊಂದಾಣಿಕೆ, ಲೆಕ್ಕಾಚಾರದ ಬುದ್ಧಿ ಎಂದು ಹತ್ತು ಅಳತೆಗಳು. ಎಲ್ಲವನ್ನೂ ಕೂಡಿಸಿದಾಗ ಬಾಕ್ಸಿಂಗ್ ಮೊದಲು ಬಂತು, ಮೀನು ಹಿಡಿಯುವುದು ಕೊನೆಗೆ. ನಮ್ಮ ಕಬಡ್ಡಿ, ಖೋ ಖೋ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಪಟ್ಟಿಯಲ್ಲಿ ನಮ್ಮ ಆಟಗಳಿಲ್ಲ ಎಂಬುದು ನನ್ನ ತಕರಾರಲ್ಲ. ತಕರಾರಿರುವುದು ಕೂಡಿಸಿದ ರೀತಿಯ ಬಗ್ಗೆ. ಸೂರತ್ತಿನಲ್ಲಿ ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ, ಅಕ್ಕಿಯನ್ನು ಕಿಲೋದಲ್ಲಿ, ಹಾಲನ್ನು ಲೀಟರಿನಲ್ಲಿ. ಹತ್ತು ಮೀಟರ್ ಬಟ್ಟೆ, ಐದು ಕಿಲೋ ಅಕ್ಕಿ, ಎರಡು ಲೀಟರ್ ಹಾಲು ಕೂಡಿಸಿ ಹದಿನೇಳು ಎಂದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ. ಆಟಗಳ ಪಟ್ಟಿಯಲ್ಲಿ ಆಗಿರುವುದು ಇದೇ. ಎದೆಗಾರಿಕೆಯ ಏಳು ಅಂಕವೂ ತಾಳಿಕೆಯ ಏಳು ಅಂಕವೂ ಒಂದೇ ಎಂದು ಹೇಳಿದವರು ಯಾರು?

ಮೈ ಒಳಗಿನ ಲೆಕ್ಕವನ್ನೇ ನೋಡೋಣ. ನಮ್ಮ ಸ್ನಾಯುಗಳಿಗೆ ಶಕ್ತಿ ಮೂರು ದಾರಿಗಳಿಂದ ಬರುತ್ತದೆ. ಮೊದಲನೆಯದು ಸ್ನಾಯುವಿನೊಳಗೇ ಸಿದ್ಧವಾಗಿರುವ ಸಂಗ್ರಹ. ಅದು ಪೂರ್ತಿ ಬಲದ ಕೆಲಸಕ್ಕೆ ಕೆಲವೇ ಸೆಕೆಂಡು ಸಾಕಾಗುತ್ತದೆ. ಎರಡನೆಯದು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆದು ಪಡೆಯುವ ಶಕ್ತಿ. ಅದು ಒಂದೆರಡು ನಿಮಿಷ ನಡೆಸುತ್ತದೆ, ಆದರೆ ಕಾಲು ಕಲ್ಲಾಗುವಂತೆ ಮಾಡಿ ಬೆಲೆ ವಸೂಲು ಮಾಡುತ್ತದೆ. ಮೂರನೆಯದು ಉಸಿರಿನ ದಾರಿ. ನಿಧಾನ, ಆದರೆ ಗಂಟೆಗಟ್ಟಲೆ ನಡೆಯುತ್ತದೆ.

ಕಬಡ್ಡಿಯ ರೈಡರ್ ಬದುಕುವುದು ಮೊದಲ ದಾರಿಯಲ್ಲಿ. ಒಂದು ದಾಳಿಗೆ 30 ಸೆಕೆಂಡು, ಅದರಲ್ಲಿ ನಿಜವಾದ ಸಿಡಿತ ಎರಡು ಮೂರು ಸೆಕೆಂಡು. ಜೊತೆಗೆ ಬಾಯಲ್ಲಿ ಕಬಡ್ಡಿ ಕಬಡ್ಡಿ ಎಂಬ ಮಾತು ನಿಲ್ಲುವಂತಿಲ್ಲ. ಅಂದರೆ ಎದುರಿನವರು ಸೊಂಟ ಹಿಡಿದು ನೆಲಕ್ಕೆ ಒತ್ತುತ್ತಿರುವಾಗಲೂ ಉಸಿರಿನ ಮೇಲೆ ಹಿಡಿತ ಇರಬೇಕು. ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅವಧಿಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅವರಂಥ ಕರ್ನಾಟಕದ ಆಟಗಾರ್ತಿಯರು ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇಂಥ ಕೆಲಸ ಮಾಡಿ.

ಎರಡನೇ ದಾರಿಯ ಹಿಂಸೆ ಏನೆಂದು ತಿಳಿಯಬೇಕಾದರೆ 400 ಮೀಟರ್ ಓಡಿದವರನ್ನು ಕೇಳಬೇಕು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಹಿಮಾ ದಾಸ್, ವಿಸ್ಮಯಾ ಜೊತೆ ಕರ್ನಾಟಕದ ಎಂ.ಆರ್. ಪೂವಮ್ಮ ಇದ್ದರು, ದಕ್ಷಿಣ ಗುಜರಾತಿನ ಡಾಂಗ್ ಜಿಲ್ಲೆಯ ಸರಿತಾ ಗಾಯಕ್‌ವಾಡ್ ಇದ್ದರು. ಸರಿತಾ ಓಟಕ್ಕೆ ಬಂದದ್ದು ಖೋ ಖೋದಿಂದ. ಒಂದು ಆಟ ಕಟ್ಟಿಕೊಟ್ಟ ಕಾಲು ಇನ್ನೊಂದು ಆಟಕ್ಕೆ ಕೆಲಸಕ್ಕೆ ಬಂತು, ನಿಜ. ಆದರೆ ಕ್ಷಣಕ್ಷಣಕ್ಕೂ ನಿಂತು ತಿರುಗಿ ಜಿಗಿಯುವ ಕಾಲನ್ನು, ಕೊನೆಯ ನೂರು ಮೀಟರಿನ ಉರಿಯಲ್ಲೂ ಹೆಜ್ಜೆಯ ಲಯ ಬಿಡದ ಕಾಲನ್ನಾಗಿ ಮಾಡಲು ವರ್ಷಗಳ ಬೇರೆ ತಾಲೀಮು ಬೇಕು.

ಮೂರನೇ ದಾರಿಯವರು ಮ್ಯಾರಥಾನ್ ಓಟಗಾರರು, ಸೈಕಲ್ ಸವಾರರು, ಹಿಮದ ಮೇಲೆ ದೂರ ಜಾರುವವರು. ಒಂದು ನಿಮಿಷದಲ್ಲಿ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯಲ್ಲಿ ಹಿಮದ ಮೇಲೆ ಜಾರುವ ಶ್ರೇಷ್ಠ ಆಟಗಾರರು ಸಾಮಾನ್ಯ ಯುವಕರ ಸುಮಾರು ಎರಡು ಪಟ್ಟು ಇರುತ್ತಾರೆ. ಈ ಒಂದೇ ಅಳತೆ ಹಿಡಿದರೆ ಕಬಡ್ಡಿಯೂ ಇಲ್ಲ, ಕುಸ್ತಿಯೂ ಇಲ್ಲ, ಅವರೇ ರಾಜರು. ಆದರೆ ಅವರನ್ನು ಕಬಡ್ಡಿ ಅಂಕಣಕ್ಕೆ ಇಳಿಸಿದರೆ ಮೊದಲ ದಾಳಿಯಲ್ಲೇ ಹೊರಗೆ ಕೂರಬೇಕಾದೀತು.

ಇನ್ನು ಕ್ರಿಕೆಟ್. ಬೆವರಿನ ಲೆಕ್ಕದಲ್ಲಿ ಅದನ್ನು ಸೋಮಾರಿ ಆಟ ಎನ್ನುವುದು ಸುಲಭ. ಆದರೆ ವೇಗದ ಬೌಲರ್ ಚೆಂಡು ಬಿಡುವ ಹೊತ್ತಿನಲ್ಲಿ ಮುಂಗಾಲು ನೆಲಕ್ಕೆ ಬಡಿದಾಗ ದೇಹದ ತೂಕದ ಐದಾರು ಪಟ್ಟು ಭಾರ ಆ ಒಂದು ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಬಾಗಿ ತಿರುಚಿಕೊಳ್ಳುತ್ತದೆ. ಅಹಮದಾಬಾದಿನ ಜಸ್‌ಪ್ರೀತ್ ಬುಮ್ರಾ ಬೆನ್ನು ಮೂಳೆಯ ತೊಂದರೆಯಿಂದ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡರು, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮುಂದೆ ಆಸ್ಟ್ರೇಲಿಯಾದಲ್ಲಿ ಐದು ಟೆಸ್ಟುಗಳಲ್ಲಿ 150ಕ್ಕೂ ಹೆಚ್ಚು ಓವರ್ ಎಸೆದು 32 ವಿಕೆಟ್ ಪಡೆದರು. ಕೊನೆಯ ಟೆಸ್ಟಿನಲ್ಲಿ ಬೆನ್ನು ಮತ್ತೆ ಕೈಕೊಟ್ಟಿತು, ಕೊನೆಯ ಇನಿಂಗ್ಸಿನಲ್ಲಿ ಬೌಲಿಂಗ್ ಮಾಡಲಾಗಲಿಲ್ಲ. ಸೂರತ್ತಿನಲ್ಲಿ ಹುಟ್ಟಿ ವಡೋದರದಲ್ಲಿ ಬೆಳೆದ ಹಾರ್ದಿಕ್ ಪಾಂಡ್ಯ 2018ರಲ್ಲಿ ದುಬೈ ಮೈದಾನದಿಂದ ಸ್ಟ್ರೆಚರ್ ಮೇಲೆ ಹೊರಹೋದರು, ಮರುವರ್ಷ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜ ಹಿಡಿದುಕೊಂಡು ಕೂತದ್ದು ಹಳಬರಿಗೆ ನೆನಪಿರಬಹುದು. ಬೌಲರ್‌ನ ಸಾಲ ಉಸಿರಿನ ಲೆಕ್ಕದಲ್ಲಿ ಕಾಣುವುದಿಲ್ಲ. ಅದು ಮೂಳೆಯಲ್ಲಿ ಬರೆದಿರುತ್ತದೆ.

ಟೇಬಲ್ ಟೆನಿಸ್ ಕಂಡು ನಗುವವರಿಗೂ ಒಂದು ಮಾತು. ಸೂರತ್ ಈ ಆಟದ ಊರು. ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡ ಚಿನ್ನವನ್ನು 2018ರಲ್ಲೂ 2022ರಲ್ಲೂ ಗೆದ್ದ ಭಾರತ ತಂಡದಲ್ಲಿದ್ದ ಹರ್ಮೀತ್ ದೇಸಾಯಿ ಇಲ್ಲಿಯವರೇ. 2022ರ ರಾಷ್ಟ್ರೀಯ ಕ್ರೀಡಾಕೂಟ ಗುಜರಾತಿನಲ್ಲಿ ನಡೆದಾಗ ಅದರ ಟೇಬಲ್ ಟೆನಿಸ್ ಪಂದ್ಯಗಳು ನಡೆದದ್ದೂ ಸೂರತ್ತಿನಲ್ಲೇ. ಟೇಬಲ್ಲಿನ ಉದ್ದ 2.74 ಮೀಟರ್, ಚೆಂಡಿನ ತೂಕ 2.7 ಗ್ರಾಂ. ಎದುರಾಳಿ ಹೊಡೆದ ಚೆಂಡು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ನಮ್ಮ ಬಳಿ ಬಂದಿರುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಸುಮಾರು ಐದನೇ ಒಂದು ಸೆಕೆಂಡು ಬೇಕು. ಉಳಿದ ಚೂರಿನಲ್ಲಿ ಚೆಂಡು ಯಾವ ಕಡೆ ಸುತ್ತುತ್ತಿದೆ ಎಂದು ಓದಿ, ಕಾಲು ಇಟ್ಟು, ಸೊಂಟ ತಿರುಗಿಸಿ ಹೊಡೆಯಬೇಕು. ಅಂದರೆ ಆಟಗಾರ ಚೆಂಡನ್ನು ನೋಡಿ ಹೊಡೆಯುವುದಲ್ಲ, ಎದುರಾಳಿಯ ಭುಜ ಮಣಿಕಟ್ಟು ನೋಡಿ ಮುಂಚೆಯೇ ಊಹಿಸುತ್ತಾನೆ. ಈ ಊಹೆ ಮೈಗೂಡಲು ಚಿಕ್ಕಂದಿನಿಂದ ಲಕ್ಷಗಟ್ಟಲೆ ಬಾರಿ ಅದೇ ಹೊಡೆತ ಹೊಡೆದಿರಬೇಕು. ಅದರ ಸವೆತ ಭುಜ, ಸೊಂಟ, ಮಂಡಿಗಳಲ್ಲಿ ಕೂರುತ್ತದೆ. ಹಗುರವಾಗಿರುವುದು ಚೆಂಡು ಮಾತ್ರ.

ಕೆಲವು ಸಾಲಗಳು ಆಟ ಶುರುವಾಗುವ ಮುಂಚೆಯೇ ಎತ್ತಿರುತ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಫೈನಲ್ ದಿನ ಬೆಳಿಗ್ಗೆ 50 ಕಿಲೋಗೆ 100 ಗ್ರಾಂ ಹೆಚ್ಚಾಗಿ ಹೊರಬಿದ್ದರು. ರಾತ್ರಿಯಿಡೀ ನೀರು ಇಳಿಸಲು ಪಟ್ಟ ಪಾಡಿಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಹೀಗೆ ಒಂದೊಂದು ಆಟದ ಸಾಲವೂ ಬೇರೆ ಬೇರೆ ಕಡೆ ಇರುವಾಗ, ಒಂದನ್ನು ಇನ್ನೊಂದರ ಅಳತೆಗೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಉದಾಹರಣೆಯೇ ಇದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ ಕೋಣಗಳೊಂದಿಗೆ 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು, ಬೋಲ್ಟ್‌ನ 9.58ಕ್ಕಿಂತ ವೇಗ ಎಂದು ಹಂಚಿದರು. ದೇಶವೆಲ್ಲ ಕುಣಿಯಿತು. ಕೇಂದ್ರ ಕ್ರೀಡಾ ಸಚಿವರು ಸಾಯ್ ತರಬೇತುದಾರರ ಮುಂದೆ ಓಡಲು ಕರೆ ಕಳಿಸಿದರು. ಆ ಗದ್ದಲದಲ್ಲಿ ಸ್ವಸ್ಥವಾಗಿ ಮಾತಾಡಿದವರು ಶ್ರೀನಿವಾಸ ಗೌಡರೇ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಓಡುವುದು ಬೆರಳ ಮೇಲೆ. ಆ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬರ್ಥದ ಮಾತು ಹೇಳಿ, ಆ ಪರೀಕ್ಷೆ ತನಗೆ ಬೇಡ ಎಂದರು.

ಅವರ ಮಾತನ್ನು ಹಿಂಜರಿಕೆ ಎಂದು ಬರೆದವರೂ ಇದ್ದರು. ನನಗೆ ಅದು ಕ್ರೀಡಾ ವಿಜ್ಞಾನದ ಪಾಠವಾಗಿ ಕಾಣುತ್ತದೆ. ಎಳೆಯುವ ಕೋಣಗಳ ಹಿಂದೆ, ಜಾರುವ ಕೆಸರಿನಲ್ಲಿ, ಬೀಳದೆ ಓಡುವುದು ಒಂದು ವಿದ್ಯೆ. ನಿಂತಲ್ಲಿಂದ ಸಿಡಿದು ತನ್ನ ಕಾಲಿನ ಬಲದಿಂದಲೇ ವೇಗ ಹುಟ್ಟಿಸುವುದು ಮತ್ತೊಂದು. ಬೋಲ್ಟ್‌ನನ್ನು ಸೋಲಿಸಿದರೆ ಮಾತ್ರ ಕಂಬಳಕ್ಕೆ ಬೆಲೆ ಎಂದು ಭಾವಿಸುವವರು ನಿಜದಲ್ಲಿ ಕಂಬಳವನ್ನು ಗೌರವಿಸುತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅಳೆಯಲು ಆಗದು ಎಂದರೆ ಬಹುಮಾನ, ಕೆಲಸ, ಅನುದಾನಗಳನ್ನು ಹಂಚುವುದು ಹೇಗೆ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರೂ ಪುರುಷರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಅದನ್ನು ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು.

ಖೋ ಖೋ ಆಡಿದವರಿಗೆ ಗೊತ್ತು, ಬೆನ್ನಟ್ಟುವವಳು ಒಮ್ಮೆ ದಿಕ್ಕು ಹಿಡಿದರೆ ಸಾಂಪ್ರದಾಯಿಕ ನಿಯಮದಲ್ಲಿ ಕಂಬ ಮುಟ್ಟುವ ತನಕ ಹಿಂದಿರುಗುವಂತಿಲ್ಲ, ತಪ್ಪಿಸಿಕೊಳ್ಳುವವಳು ಯಾವ ಕಡೆಗಾದರೂ ಹೊರಳಬಹುದು. ಕುಕ್ಕರಗಾಲಿನಲ್ಲಿ ಕೂತವಳು ಖೋ ಕೇಳಿದ ತಕ್ಷಣ ಸಿಡಿಯಬೇಕು. ಕಂಬ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಹಾರಬೇಕು. ಮಂಡಿ, ಹಿಮ್ಮಡಿಯ ನರ, ಸೊಂಟ ಮೂರಕ್ಕೂ ಇಷ್ಟು ಕೆಲಸ ಕೊಡುವ ಆಟಗಳು ಹೆಚ್ಚಿಲ್ಲ.

ಇದಕ್ಕೆ ಸಿಗುವ ಉತ್ತರವೂ ಗೊತ್ತಿರುವುದೇ: ಜನ ನೋಡುವ ಆಟಕ್ಕೆ ಹಣ ಬರುತ್ತದೆ, ಬೆವರಿಗಲ್ಲ. 2024ರ ಟಿ20 ವಿಶ್ವಕಪ್ ಗೆದ್ದ ತಂಡಕ್ಕೆ ಬಿಸಿಸಿಐ 125 ಕೋಟಿ ರೂಪಾಯಿ ಕೊಟ್ಟಿತು, ಅದು ಅವರು ದುಡಿದ ಹಣ. ಈ ಉತ್ತರವನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧಕ್ಕೆ ಮಾತ್ರ. ಮಾರುಕಟ್ಟೆ ಕಣ್ಣುಗಳನ್ನು ಎಣಿಸಲಿ. ಸರ್ಕಾರಕ್ಕೆ ಆ ಹಂಗಿಲ್ಲ. ಹಾಗೆಂದು ಬೆವರಿಗೆ ತಕ್ಕಂತೆ ಹಂಚಿ ಎಂದೂ ನಾನು ಹೇಳಲಾರೆ, ಬೆವರಿಗೆ ಒಂದೇ ತಕ್ಕಡಿ ಇಲ್ಲ ಎಂದು ಈವರೆಗೆ ವಾದಿಸಿದವನು ನಾನೇ. ನಾನು ಕೇಳುವುದು ಬೇರೆ. ಗೆದ್ದ ಮೇಲಿನ ಬಹುಮಾನದ ಜಗಳಕ್ಕಿಂತ ಮುಂಚೆ, ಆಡುತ್ತಿರುವಾಗಿನ ಸಾಲ ತೀರಿಸುವ ಖರ್ಚನ್ನು ಯಾರು ಹೊರುತ್ತಾರೆ?

ಈ ಪ್ರಶ್ನೆಯನ್ನು ಉಧ್ನಾದಲ್ಲಿ ನಿಂತು ಕೇಳಿದರೆ ಉತ್ತರ ಕಣ್ಣೆದುರಿಗೇ ಇದೆ. ಇದು ಮಗ್ಗಗಳ ಬೀಡು. ಒಡಿಶಾದ ಗಂಜಾಂ, ಉತ್ತರ ಪ್ರದೇಶ, ಬಿಹಾರ, ಖಾನ್‌ದೇಶ, ತೆಲಂಗಾಣದಿಂದ ಬಂದವರು ಹನ್ನೆರಡು ಗಂಟೆಯ ಪಾಳಿಯಲ್ಲಿ ಮಗ್ಗದಿಂದ ಮಗ್ಗಕ್ಕೆ ನಡೆಯುತ್ತಲೇ ಇರುತ್ತಾರೆ. ಎದುರು ನಿಂತವರ ಮಾತು ಕೇಳದಷ್ಟು ಸದ್ದು, ಸಮುದ್ರ ಹತ್ತಿರವಿರುವ ಊರಿನ ತೇವದ ಸೆಕೆ. ಹಗಲು ಪಾಳಿಯವರು ಎದ್ದ ಜಾಗದಲ್ಲೇ ರಾತ್ರಿ ಪಾಳಿಯವರು ಬಂದು ಮಲಗುವ ಕೋಣೆಗಳಿವೆ. ಇಂಥ ದುಡಿಮೆಯವರ ಮನೆಯ ಹುಡುಗ ಸಂಜೆ ಗಟ್ಟಿ ನೆಲದ ಮೇಲೆ ಕಬಡ್ಡಿ ಆಡುತ್ತಾನೆ. ಟಿವಿಯಲ್ಲಿ ಮ್ಯಾಟ್ ಮೇಲೆ ಆಡುವವರ ಆಟವೂ ಇವನ ಆಟವೂ ನಿಯಮದಲ್ಲಿ ಒಂದೇ, ಮೈಗೆ ಮಾತ್ರ ಎರಡು ಬೇರೆ ಆಟಗಳು.

ನಿದ್ದೆಯೊಂದನ್ನೇ ತೆಗೆದುಕೊಳ್ಳಿ. ಲಾಸ್ ಏಂಜಲೀಸಿನಲ್ಲಿ 112 ಶಾಲಾ ಆಟಗಾರರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವ ಮಕ್ಕಳಿಗೆ ಗಾಯವಾಗುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಇತ್ತು. ಚಿಕ್ಕ ಅಧ್ಯಯನ, ಒಂದೇ ಊರಿನದು, ಅದರ ಮೇಲೆ ಮಹಲು ಕಟ್ಟಬಾರದು. ಆದರೂ ಒಂದು ವಿಷಯ ಗಮನಿಸಬೇಕು. ಅಲ್ಲಿ ಎಲ್ಲರೂ ಒಂದೇ ಆಟ ಆಡುತ್ತಿರಲಿಲ್ಲ. ಗಾಯವಾಗುತ್ತದೋ ಇಲ್ಲವೋ ಎಂಬುದಕ್ಕೆ ಆಡುವ ಆಟದಷ್ಟೇ ಮಲಗುವ ಹಾಸಿಗೆಗೂ ಸಂಬಂಧ ಇದೆ.

ಇದೆಲ್ಲ ಒಲಿಂಪಿಕ್ಸಿಗೆ ಹೋಗುವವರ ಚಿಂತೆ, ಬೀದಿಯ ಮಕ್ಕಳಿಗೆ ಯಾಕೆ ಎಂದು ಕೇಳಬಹುದು. ವಾಸ್ತವ ತಿರುವುಮುರುವು. ಒಲಿಂಪಿಕ್ಸಿಗೆ ಹೋಗುವವರಿಗೆ ಫಿಸಿಯೋ ಇದ್ದಾರೆ, ಅಳೆದು ಬಡಿಸುವವರು ಇದ್ದಾರೆ. ಬೀದಿಯ ಮಕ್ಕಳಿಗೆ ಬೇಕಾದದ್ದು ದುಬಾರಿಯೂ ಅಲ್ಲ. 2007ರಲ್ಲಿ ನಾರ್ವೆಯಲ್ಲಿ ಫುಟ್ಬಾಲ್ ಆಡುವ 1,800ಕ್ಕೂ ಹೆಚ್ಚು ಹದಿಹರೆಯದ ಹುಡುಗಿಯರ ಮೇಲೆ ಪ್ರಯೋಗವೊಂದು ನಡೆಯಿತು. ಅರ್ಧದಷ್ಟು ತಂಡಗಳಿಗೆ ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷದ ಕಸರತ್ತು ಕಲಿಸಿದರು: ಜಿಗಿದು ಸರಿಯಾಗಿ ಇಳಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ತೊಡೆಯ ಹಿಂಭಾಗ ಗಟ್ಟಿ ಮಾಡುವುದು. ಆ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಯಂತ್ರವಿಲ್ಲ, ಜಿಮ್ ಇಲ್ಲ. ಕಲಿಸುವ ಒಬ್ಬ ಮೇಷ್ಟ್ರು, ದಿನವೂ ಇಪ್ಪತ್ತು ನಿಮಿಷ.

ಗುಜರಾತಿನಲ್ಲಿ 2010ರಿಂದ ಖೇಲ್ ಮಹಾಕುಂಭ ನಡೆಯುತ್ತಿದೆ, ಹಳ್ಳಿಹಳ್ಳಿಯ ಮಕ್ಕಳು ಅದರಲ್ಲಿ ಆಡುತ್ತಾರೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ. ಕ್ರೀಡಾಂಗಣಗಳು ಏಳುತ್ತವೆ, ಏಳಲಿ. ಅದರ ಜೊತೆಗೇ ಉಧ್ನಾದಂಥ ಕಡೆ, ನಮ್ಮ ಪೀಣ್ಯದಂಥ ಕಡೆ, ಪ್ರತಿ ವಾರ್ಡಿಗೆ ಕಲ್ಲು ಆರಿಸಿದ ಒಂದು ಮಣ್ಣಿನ ಅಂಗಳ, ನೆರಳು, ಕುಡಿಯುವ ನೀರು, ಗಾಯ ನೋಡಿ ಆಡಬೇಡ ಎನ್ನುವ ಅಧಿಕಾರವಿರುವ ಒಬ್ಬ ತರಬೇತಾದ ಮೇಷ್ಟ್ರು ಬೇಕು. ಟೂರ್ನಿ ಆಡುವ ಮಕ್ಕಳಿಗೆ ಹೊಟ್ಟೆ ತುಂಬ ಊಟ ಬೇಕು, ಪದಕ ಬಂದ ಮೇಲಲ್ಲ, ಅಭ್ಯಾಸದ ದಿನವೇ. ಎಳೆಯ ಬೌಲರ್‌ಗಳಿಗೆ ವಯಸ್ಸಿಗೆ ತಕ್ಕ ಓವರ್ ಮಿತಿ ಹಾಕುವ ಪದ್ಧತಿ ಇಂಗ್ಲೆಂಡಿನಲ್ಲಿದೆ. ಅಂಥ ಮಿತಿ ಕಬಡ್ಡಿ, ಖೋ ಖೋ ಶಿಬಿರಗಳಿಗೂ ಬರಲಿ: ದಿನಕ್ಕೆ ಎಷ್ಟು ಪಂದ್ಯ, ವಾರಕ್ಕೆ ಎಷ್ಟು ವಿರಾಮ.

ತಂದೆತಾಯಂದಿರಿಗೂ ಒಂದು ಮಾತು. ಮಗಳು ಕಬಡ್ಡಿಗೆ ಸೇರುತ್ತೇನೆ ಎಂದರೆ ಅದು ಕಷ್ಟದ ಆಟ ಎಂದು ತಡೆಯಬೇಡಿ. ಮಗ ಟೇಬಲ್ ಟೆನಿಸ್ ಎಂದರೆ ಹಗುರ ಆಟ ಎಂದು ನಿಶ್ಚಿಂತೆಯಿಂದ ಕೂರಲೂ ಬೇಡಿ. ಒಮ್ಮೆ ಹೋಗಿ ನೆಲ ನೋಡಿ. ಗಾಯವಾದಾಗ ಏನು ಮಾಡುತ್ತೀರಿ ಎಂದು ಮೇಷ್ಟರನ್ನು ಕೇಳಿ. ವಾರದಲ್ಲಿ ವಿಶ್ರಾಂತಿ ಯಾವತ್ತು ಎಂದು ಕೇಳಿ. ಈ ಮೂರಕ್ಕೆ ನೇರ ಉತ್ತರ ಸಿಕ್ಕಿದ ಕಡೆ ಯಾವ ಆಟಕ್ಕಾದರೂ ಸೇರಿಸಬಹುದು.